ಫಾರ್ಮ್ಯಾಟ್ ಹೊಡೆದ ಕಾಲ

ನಮ್ಮ ಕಡೆ ಕೆಲವು ಕೆಲಸಗಳಿಗೆ ‘ಹೊಡೆಯೋದು’ ಅನ್ನೋ ಮಾತೇ ಸರಿ. ಗೋಡೆಗೆ ಸುಣ್ಣ ಹೊಡೀತಾರೆ, ಹತ್ತಿಗೆ ಔಷಧಿ ಹೊಡೀತಾರೆ, ಹೊಲಕ್ಕೆ ಕುಂಟೆ ಹೊಡೀತಾರೆ. 2000ದ ದಶಕದ ನಡುವೆ ದಾವಣಗೆರೆಯಲ್ಲಿ ಈ ಸಾಲಿಗೆ ಇನ್ನೊಂದು ಸೇರಿತು: ಫಾರ್ಮ್ಯಾಟ್ ಹೊಡೆಯೋದು. ವಿದ್ಯಾನಗರದ ಹುಡುಗರ ರೂಮುಗಳಿಂದ ಪಿ.ಜೆ. ಬಡಾವಣೆಯ ಮನೆಗಳವರೆಗೆ ಎಲ್ಲ ಕಾಯಿಲೆಗೂ ಇದೊಂದೇ ಮದ್ದು. ಸಿಸ್ಟಮ್ ಸ್ಲೋ ಆಯ್ತಾ, ಫಾರ್ಮ್ಯಾಟ್ ಹೊಡಿ. ಕೇಳದೇ ಕಿಟಕಿಗಳು ತೆರೆದುಕೊಳ್ತಿವೆಯಾ, ಫಾರ್ಮ್ಯಾಟ್ ಹೊಡಿ. ಅಂಗಡಿಯ ಹುಡುಗ ಸಿಪಿಯು ಹೊತ್ತುಕೊಂಡು ಹೋಗಿ, ಸಂಜೆ ತಂದಿಟ್ಟು, ‘ಎಲ್ಲ ಕ್ಲೀನ್ ಮಾಡೀನಿ ಸರ್’ ಅಂತಿದ್ದ. ನಿಜವಾಗಿ ಎಲ್ಲಾನೂ ಕ್ಲೀನ್ ಆಗಿರ್ತಿತ್ತು, ಮೈ ಡಾಕ್ಯುಮೆಂಟ್ಸ್‌ನಲ್ಲಿದ್ದ ಅಕ್ಕನ ಮದುವೆ ಫೋಟೋ ಸಮೇತ.

ಆ ಕಾಲದಲ್ಲಿ ನಾನು ದಾವಣಗೆರೆಯಲ್ಲಿ ಬಿ.ಇ. ಓದುತ್ತಿದ್ದೆ. ಹಳ್ಳಿಯಿಂದ ಬಂದ ನನಗೆ ಸ್ವಂತ ಕಂಪ್ಯೂಟರ್ ಇರಲಿಲ್ಲ. ಹಾಗಾಗಿ ಬೇರೆಯವರ ಮನೆಯ ಕಂಪ್ಯೂಟರ್ ರಿಪೇರಿ ಮಾಡಿಕೊಡೋದೇ ಒಂದು ನೆಪ, ಅದರ ಮುಂದೆ ಕೂರೋಕೆ. ಆಗ ನೋಡಿದ ಕಾಯಿಲೆಗಳಲ್ಲಿ ಹೆಚ್ಚಿನವು ವೈರಸ್ ಅಲ್ಲ. ಬಾಯಲ್ಲಿ ಎಲ್ಲರೂ ‘ವೈರಸ್’ ಅಂತಲೇ ಅಂದರೂ ಅದು ಸ್ಪೈವೇರ್. ಎರಡಕ್ಕೂ ವ್ಯತ್ಯಾಸ ಇದೆ. ಅದು ಗೊತ್ತಿಲ್ಲದೇ ಹೋದರೆ ಆ ಕಾಲ ಅರ್ಥ ಆಗೋದಿಲ್ಲ.

1986ರಲ್ಲಿ ಲಾಹೋರಿನ ಅಲ್ವಿ ಸಹೋದರರು ಬರೆದ ‘ಬ್ರೇನ್’ ಪಿಸಿಗಳ ಮೊದಲ ವೈರಸ್ಸುಗಳಲ್ಲಿ ಒಂದು. ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಿದ್ದ ಅದರೊಳಗೆ ಅವರು ತಮ್ಮ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಹಾಕಿದ್ದರು! ವೈರಸ್ಸಿಗೆ ಹರಡುವ ಹುಚ್ಚು, ತನ್ನನ್ನು ತೋರಿಸಿಕೊಳ್ಳುವ ಹುಚ್ಚು. ಸ್ಪೈವೇರ್ ಹಾಗಲ್ಲ. ಅದು ಎಮ್ಮೆ ಮೈಮೇಲಿನ ಉಣುಗಿನ ಥರ. ಎಮ್ಮೆ ಸಾಯಬಾರದು, ಓಡಾಡಿಕೊಂಡೇ ಇರಬೇಕು, ತಾನು ಕಿವಿ ಸಂದಿಯಲ್ಲಿ ಕೂತು ಹೀರುತ್ತಿರಬೇಕು. ಇಲ್ಲಿ ಹೀರೋದು ರಕ್ತ ಅಲ್ಲ, ನೀವು ಯಾವ ಪುಟ ನೋಡಿದಿರಿ, ಏನು ಹುಡುಕಿದಿರಿ, ಕೆಲವು ಸಲ ಏನು ಟೈಪ್ ಮಾಡಿದಿರಿ ಅನ್ನೋ ಲೆಕ್ಕ.

ಇದನ್ನು ಶುರು ಮಾಡಿದವರು ಕತ್ತಲ ಕೋಣೆಯ ಕಳ್ಳರಲ್ಲ, ಆಫೀಸು, ಲಾಯರು, ಹೂಡಿಕೆದಾರರು ಇದ್ದ ಕಂಪನಿಗಳು. ಪುಕ್ಕಟೆ ಸಾಫ್ಟ್‌ವೇರ್ ಕೊಟ್ಟು ಜಾಹೀರಾತಿನಲ್ಲಿ ದುಡ್ಡು ಮಾಡೋಣ ಅಂತ ಹೊರಟವರು. 2000ದಲ್ಲಿ ಅಮೆರಿಕದ ಸ್ಟೀವ್ ಗಿಬ್ಸನ್ ಅನ್ನೋ ಪ್ರೋಗ್ರಾಮರ್, ತನ್ನದೇ ಕಂಪ್ಯೂಟರಿನಲ್ಲಿ ತಾನು ಕರೆಯದೇ ಬಂದು ಕೂತ ಜಾಹೀರಾತು ಸಾಫ್ಟ್‌ವೇರ್ ಕಂಡು, ಅದನ್ನು ಕಿತ್ತುಹಾಕೋಕೆ ‘ಆಪ್ಟ್‌ಔಟ್’ ಅನ್ನೋ ಪುಟ್ಟ ಸಲಕರಣೆ ಬರೆದ. ಸುಮಾರು ಅದೇ ಹೊತ್ತಿಗೆ ಲಾವಾಸಾಫ್ಟ್‌ನವರ ‘ಆ್ಯಡ್-ಅವೇರ್’, ಜರ್ಮನಿಯ ಪ್ಯಾಟ್ರಿಕ್ ಕೊಲ್ಲಾ ಬರೆದ ‘ಸ್ಪೈಬಾಟ್ ಸರ್ಚ್ ಅಂಡ್ ಡೆಸ್ಟ್ರಾಯ್’ ಬಂದವು. ಇನ್ನೊಂದು ಕಡೆ ಬಾಂಜಿ ಬಡ್ಡಿ ಅನ್ನೋ ನೇರಳೆ ಬಣ್ಣದ ಗೊರಿಲ್ಲ ಪರದೆ ಮೇಲೆ ಕುಣಿದಾಡಿಕೊಂಡು, ಜೋಕ್ ಹೇಳಿಕೊಂಡು ಮಕ್ಕಳನ್ನು ಮರುಳು ಮಾಡುತ್ತಿತ್ತು. ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ಪಡೆದಿದ್ದಕ್ಕೆ ಆ ಕಂಪನಿ 2004ರಲ್ಲಿ ಅಮೆರಿಕದಲ್ಲಿ 75,000 ಡಾಲರ್ ದಂಡ ಕಟ್ಟಬೇಕಾಯಿತು. ಹಾಡು ಹಂಚಿಕೊಳ್ಳುವ ಕಜಾ ಇಳಿಸಿಕೊಂಡರೆ ಜೊತೆಗೆ ಇನ್ನೂ ನಾಲ್ಕು ಜನ ಬಂದು ಕೂರುತ್ತಿದ್ದರು. ಎಲ್ಲದಕ್ಕೂ ಒಂದು ಕಾಗದ ಇತ್ತು ಅನ್ನಿ. ಹತ್ತಾರು ಪುಟದ ಇಂಗ್ಲಿಷ್ ಕರಾರು, ಕೊನೆಗೆ ‘ಐ ಅಗ್ರೀ’ ಅನ್ನೋ ಗುಂಡಿ.

ಈ ಗುಂಡಿಯೇ ಇಡೀ ಕತೆಯ ನಟ್ಟು. ನಮ್ಮ ದೇಶದ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್‌ನಲ್ಲಿ ‘ಕಂಪ್ಯೂಟರ್ ಕಂಟ್ಯಾಮಿನೆಂಟ್’ ಅಂತ ಒಂದು ಮಾತಿದೆ. ಕಂಪ್ಯೂಟರಿನೊಳಗಿನ ಮಾಹಿತಿಯನ್ನು ಹಾಳುಮಾಡುವುದಷ್ಟೇ ಅಲ್ಲ, ದಾಖಲಿಸಿಕೊಳ್ಳುವ, ಬೇರೆಡೆಗೆ ಕಳಿಸುವ ಪ್ರೋಗ್ರಾಮನ್ನೂ ಅದು ಒಳಗೊಳ್ಳುತ್ತೆ. ಅಂದರೆ ಸ್ಪೈವೇರ್ ಅನ್ನೋ ಪದ ಬಳಸದೆಯೇ ಕಾಯ್ದೆ ಸ್ಪೈವೇರನ್ನು ಹಿಡಿದಿತ್ತು. ಆದರೆ ಅದೇ ಸೆಕ್ಷನ್ನು ‘ಮಾಲೀಕರ ಅನುಮತಿ ಇಲ್ಲದೆ’ ಅನ್ನುವುದರಿಂದ ಶುರುವಾಗುತ್ತೆ. ಹರಿಹರದ ಒಬ್ಬ ಮೇಷ್ಟ್ರು, ದಾವಣಗೆರೆಯ ಒಬ್ಬ ಅಡಿಕೆ ವ್ಯಾಪಾರಿ ಆ ಇಂಗ್ಲಿಷ್ ಕರಾರಿನ ಕೆಳಗೆ ಗುಂಡಿ ಒತ್ತಿದ್ದಾರಲ್ಲ, ಅದು ಅನುಮತಿಯೋ ಅಲ್ಲವೋ? ಮುಂದೆ ಹೋಗೋಕೆ ಬೇರೆ ದಾರಿಯೇ ಇಲ್ಲದ ಗುಂಡಿಯನ್ನು ಒತ್ತುವುದನ್ನು ಒಪ್ಪಿಗೆ ಅನ್ನೋದಾದರೆ, ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ನಮ್ಮ ಅಜ್ಜಂದಿರೂ ಎಲ್ಲವನ್ನೂ ಓದಿ ಒಪ್ಪಿದವರೇ!

ನಮ್ಮ ಊರುಗಳಿಗೆ ಇದು ಬಂದ ದಾರಿ ಎರಡು. ಒಂದು ಫೋನ್ ತಂತಿ. ಡಯಲ್-ಅಪ್ ಕಾಲದಲ್ಲಿ ನಿಮಿಷದ ಲೆಕ್ಕಕ್ಕೆ ಹೆದರಿ ಎಲ್ಲರೂ ಬೇಗ ಬೇಗ ಮೇಲ್ ನೋಡಿ ಮುಚ್ಚುತ್ತಿದ್ದರು. 2005ರ ಜನವರಿಯಲ್ಲಿ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಶುರುವಾಗಿ, ನಿಧಾನಕ್ಕೆ ನಮ್ಮ ಕಡೆಗೂ ಬಂದ ಮೇಲೆ ಕಂಪ್ಯೂಟರ್ ಗಂಟೆಗಟ್ಟಲೆ ಲೈನಿನಲ್ಲಿ ಇರೋಕೆ ಶುರುವಾಯಿತು. ಕಡಿಮೆ ದುಡ್ಡಿನ ಪ್ಲಾನ್‌ಗಳಲ್ಲಿ ಎಂಬಿ ಲೆಕ್ಕದ ಮಿತಿ, ದಾಟಿದರೆ ಪ್ರತಿ ಎಂಬಿಗೂ ದುಡ್ಡು. ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವೇ ಇಲ್ಲ. ಅಲಾರಾಂ ಇಟ್ಟುಕೊಂಡು ಎದ್ದು ಸಿನಿಮಾ ಡೌನ್‌ಲೋಡಿಗೆ ಹಾಕಿ ಮತ್ತೆ ಮಲಗಿದವರು ಈ ಪುಸ್ತಕ ಓದುವವರಲ್ಲೂ ಇರ್ತೀರಿ, ಬಿಡಿ. ಸ್ಪೈವೇರಿಗೆ ಅಲಾರಾಂ ಬೇಕಿರಲಿಲ್ಲ. ಅದು ಹಗಲೂ ಜಾಹೀರಾತು ಇಳಿಸಿಕೊಳ್ಳುತ್ತಿತ್ತು, ನಮ್ಮ ಲೆಕ್ಕ ಮೇಲೆ ಕಳಿಸುತ್ತಿತ್ತು. ಬಿಲ್ಲು ಮಾತ್ರ ಮನೆ ಯಜಮಾನರ ಹೆಸರಿಗೆ. ನಮ್ಮ ಮೇಲಿನ ಬೇಹುಗಾರಿಕೆಯ ಸಾಗಾಣಿಕೆ ವೆಚ್ಚವನ್ನೂ ನಾವೇ ಕೊಡುತ್ತಿದ್ದೆವು.

ಈಗ ಹರಿಹರದ ಒಂದು ಮನೆಯ ವಿಷಯ ಹೇಳಬೇಕು. ನನ್ನ ಮಾವ ಒಬ್ಬರದು. ಮಗಳು ಡಿಪ್ಲೊಮಾ ಓದುತ್ತಿದ್ದಳು, ಅವಳಿಗೆ ಅಂತಲೇ ಕಂಪ್ಯೂಟರ್ ತಂದು, ಮುಂದೆ ಬ್ರಾಡ್‌ಬ್ಯಾಂಡೂ ಹಾಕಿಸಿದ್ದರು. 2007ರಲ್ಲಿ ಒಂದು ದಿನ ಮಾವ ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆಗೆದಾಗ ಹೋಮ್ ಪೇಜಿನ ಜಾಗದಲ್ಲಿ ಬರಬಾರದ ಚಿತ್ರಗಳು ಬಂದವು. ಮುಚ್ಚಿದರೆ ಇನ್ನೆರಡು ಕಿಟಕಿ. ಅದನ್ನೂ ಮುಚ್ಚಿದರೆ ಮತ್ತೆರಡು. ಮಾವ ಗೋಡೆಯಿಂದ ಕೇಬಲ್ಲನ್ನೇ ಕಿತ್ತರು. ‘ಕಲೀಲಿ ಅಂತ ತಂದುಕೊಟ್ರೆ ಇಂಥದ್ದು ನೋಡಾಕತ್ಯಾಳ’ ಅಂತ ಅತ್ತೆಗೆ ಹೇಳಿದರು, ಮಗಳಿಗೆ ನೇರವಾಗಿ ಹೇಳಲಿಲ್ಲ. ಅವಳು ವಾದ ಮಾಡಲಿಲ್ಲ. ಯಾವ ಸಾಕ್ಷಿ ಇಟ್ಟುಕೊಂಡು ವಾದ ಮಾಡಬೇಕು?

ಮುಂದಿನ ಭಾನುವಾರ ನಾನು ದಾವಣಗೆರೆಯಿಂದ ಬಸ್ಸು ಹತ್ತಿ ಹೋದೆ. ಅರ್ಧ ಗಂಟೆಯ ದಾರಿ. ಅಂಗಡಿಯವನಿಗೆ ಮಾವ ಆಗಲೇ ಹೇಳಿಯಾಗಿತ್ತು, ಸೋಮವಾರ ಬಂದು ಫಾರ್ಮ್ಯಾಟ್ ಹೊಡೀತಾನೆ ಅಂತ. ನನ್ನ ಪೆನ್‌ಡ್ರೈವಿನಲ್ಲಿ ‘ಹೈಜಾಕ್‌ದಿಸ್’ ಇತ್ತು. ನೆದರ್ಲೆಂಡ್ಸ್‌ನ ಮೆರೈನ್ ಬೆಲ್ಲೆಕೊಮ್ ಅನ್ನೋ ವಿದ್ಯಾರ್ಥಿ ಬರೆದ ಪುಕ್ಕಟೆ ಪ್ರೋಗ್ರಾಮ್ ಅದು. 2003ರಲ್ಲಿ ‘ಕೂಲ್‌ವೆಬ್‌ಸರ್ಚ್’ ಅನ್ನೋ ಪೀಡೆ ಜಗತ್ತಿನ ಬ್ರೌಸರುಗಳ ಹೋಮ್ ಪೇಜನ್ನೆಲ್ಲ ಕಿತ್ತುಕೊಳ್ಳುತ್ತಿದ್ದಾಗ ಅದನ್ನು ತೆಗೆಯೋಕೆ ಬೇರೆಯದೇ ಒಂದು ಸಲಕರಣೆ ಬರೆದವನೂ ಇವನೇ.

ಹೈಜಾಕ್‌ದಿಸ್‌ನ ವಿಶೇಷ ಏನು ಅಂದರೆ, ಅದು ಯಾರನ್ನೂ ಕಳ್ಳ ಅನ್ನುತ್ತಿರಲಿಲ್ಲ. ಕಂಪ್ಯೂಟರ್ ಆನ್ ಆದ ಕೂಡಲೇ ಯಾರ್ಯಾರು ಎದ್ದು ಕೂರ್ತಾರೆ, ಬ್ರೌಸರ್ ತೆರೆದರೆ ಯಾರ್ಯಾರು ಜೊತೆಗೆ ಬರ್ತಾರೆ ಅಂತ ಒಂದು ಪಟ್ಟಿ ಕೊಟ್ಟು ಸುಮ್ಮನಾಗುತ್ತಿತ್ತು. ಆರ್-0, ಆರ್-1 ಅಂತ ಶುರುವಾಗುವ ಸಾಲುಗಳು ಹೋಮ್ ಪೇಜಿನವು. ಓ-1 ಹೋಸ್ಟ್ಸ್ ಫೈಲಿನದು, ಅಂದರೆ ಒಂದು ವಿಳಾಸ ಟೈಪ್ ಮಾಡಿದರೆ ಇನ್ನೊಂದು ಕಡೆ ಕಳಿಸುವ ಕುತಂತ್ರ ಇಲ್ಲಿ. ಓ-2 ಬ್ರೌಸರಿನ ಬೆನ್ನಿಗೆ ಅಂಟಿದ ಸಹಾಯಕರದು, ಓ-3 ಟೂಲ್‌ಬಾರ್, ಓ-4 ವಿಂಡೋಸ್ ಜೊತೆಗೇ ಏಳುವವರದು. ಯಾರು ಮನೆಯವರು, ಯಾರು ಹೊರಗಿನವರು ಅಂತ ಓದುವವನೇ ತೀರ್ಮಾನ ಮಾಡಬೇಕು. ಪಂಚನಾಮೆ ಇದ್ದ ಹಾಗೆ.

ಮಾವನ ಕಂಪ್ಯೂಟರಿನ ಪಟ್ಟಿಯಲ್ಲಿ ಓ-2ರಲ್ಲಿ ಒಬ್ಬ, ಓ-4ರಲ್ಲಿ ಅವನ ಅಣ್ಣ ಸಿಕ್ಕರು. ಆ ಫೈಲಿನ ಪ್ರಾಪರ್ಟೀಸ್ ತೆಗೆದರೆ ಹುಟ್ಟಿದ ದಿನ, ಹೊತ್ತು ಇತ್ತು: ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದರ ಸುಮಾರು. ಅದೇ ನಿಮಿಷದಲ್ಲಿ ಹುಟ್ಟಿದ ಇನ್ನೊಂದು ಫೋಲ್ಡರ್ ಪ್ರೋಗ್ರಾಮ್ ಫೈಲ್ಸ್‌ನಲ್ಲಿತ್ತು, ಪುಕ್ಕಟೆ ಜಾತಕ ನೋಡುವ ಸಾಫ್ಟ್‌ವೇರಿನದು. ಮಂಗಳವಾರ ಹನ್ನೊಂದಕ್ಕೆ ಅವಳು ಕಾಲೇಜಿನ ಲ್ಯಾಬಿನಲ್ಲಿ. ಮಗಳ ಜಾತಕ ಹೊಂದಿಸೋಕೆ ಅಂತ ರಜೆ ದಿನ ಡೌನ್‌ಲೋಡ್ ಮಾಡಿದ್ದು ಮಾವನೇ.

‘ಮಾವ, ಇದು ಅವಳು ಮಾಡಿದ್ದಲ್ಲ’ ಅಂದೆ.

‘ಹಂಗಾರೆ ಯಾರ್ ಮಾಡ್ಯಾರೋ?’

ನಾನು ಆ ಫೋಲ್ಡರ್ ಮೇಲೆ ಬೆರಳಿಟ್ಟು ತಾರೀಖು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಆ ಜಾತಕದ್ದೇನ?’ ಅಂದು ಎದ್ದು ಹೊರಗೆ ಹೋದರು. ಸಂಜೆ ಕೇಬಲ್ ವಾಪಸ್ ಬಂತು. ಆದರೆ ಕಂಪ್ಯೂಟರ್ ಅವಳ ಕೋಣೆಯಿಂದ ನಡುಮನೆಗೆ ಬಂತು, ಪರದೆ ಎಲ್ಲರಿಗೂ ಕಾಣುವ ಹಾಗೆ.

ಸೋಮವಾರ ಫಾರ್ಮ್ಯಾಟ್ ಹೊಡೆದಿದ್ದರೆ ಕಳ್ಳನೂ ಹೋಗ್ತಿದ್ದ, ತಾರೀಖೂ ಹೋಗ್ತಿತ್ತು. ಫಾರ್ಮ್ಯಾಟಿನ ಬಗ್ಗೆ ನನ್ನ ತಕರಾರು ಇದೇ. ಫೋಟೋ ಹೋದದ್ದು ದೊಡ್ಡ ನಷ್ಟವೇ, ಆದರೆ ಜೊತೆಗೆ ಸಾಕ್ಷಿಯೂ ಹೋಗುತ್ತಿತ್ತು. ಸಾಕ್ಷಿ ಹೋದ ಮೇಲೆ ಆರೋಪ ಮನೆಯಲ್ಲಿ ಯಾರಿಗೆ ಬಾಯಿ ಇಲ್ಲವೋ ಅವರ ಮೇಲೆ ಕೂರುತ್ತಿತ್ತು. ಹುಡುಗರಾದರೆ ಬೈಗುಳದಲ್ಲಿ ಮುಗೀತಿತ್ತು. ಹುಡುಗಿಯರಿಗೆ ನೆಟ್ಟೇ ಬಂದ್.

ಇನ್ನು ಆ ಕಳ್ಳನನ್ನು ತೆಗೆದ ಕೆಲಸ. ಮೊದಲು ನೆಟ್ ಕೇಬಲ್ ಹೊರಗೆ, ಮಾವ ಆಗಲೇ ಕಿತ್ತಿದ್ದರಿಂದ ಅದು ಸುಲಭವಾಯಿತು. ಫೋಟೋ, ಡಾಕ್ಯುಮೆಂಟುಗಳನ್ನು ಸಿಡಿಗೆ ಬರೆದುಕೊಂಡು, ಆಡ್-ರಿಮೂವ್ ಪ್ರೋಗ್ರಾಮ್ಸ್‌ಗೆ ಹೋಗಿ ಅಲ್ಲಿ ಹೆಸರಿದ್ದವರನ್ನು ಮರ್ಯಾದೆಯಿಂದ ಕಳಿಸಿದ್ದಾಯಿತು. ಕೆಲವರು ಹೋಗುವಾಗಲೂ ‘ನಿಜಕ್ಕೂ ಹೋಗಲಾ?’ ಅಂತ ಮೂರು ಸಲ ಕೇಳ್ತಾರೆ, ಕೊನೇ ಸಲ ಪ್ರಶ್ನೆಯನ್ನೇ ತಿರುಗಿಸಿ ಕೇಳ್ತಾರೆ, ಹುಷಾರಾಗಿ ಓದಬೇಕು. ಆಮೇಲೆ ಸಿಸ್ಟಮ್ ರೀಸ್ಟೋರ್ ಬಂದ್. ಯಾಕಂದ್ರೆ ವಿಂಡೋಸ್ ಎಕ್ಸ್‌ಪಿ ತನ್ನ ಹಳೆಯ ಸ್ಥಿತಿಯ ಪ್ರತಿ ಇಟ್ಟುಕೊಳ್ಳುವಾಗ ಕಳ್ಳನ ಪ್ರತಿಯನ್ನೂ ಜೋಪಾನ ಮಾಡಿರುತ್ತೆ. ನಂತರ ಎಫ್8 ಒತ್ತಿ ಸೇಫ್ ಮೋಡ್. ಅಲ್ಲಿ ಕೆಲಸಕ್ಕೆ ತೀರಾ ಬೇಕಾದವರು ಮಾತ್ರ ಎದ್ದಿರ್ತಾರೆ, ಮಲಗಿರುವ ಕಳ್ಳನ ಫೈಲು ಅಳಿಸೋದು ಸುಲಭ. ಎದ್ದಿರುವಾಗ ಅಳಿಸೋಕೆ ಹೋದರೆ ‘ಫೈಲ್ ಬಳಕೆಯಲ್ಲಿದೆ’ ಅಂತ ವಿಂಡೋಸ್ಸೇ ಅವನ ಪರ ನಿಲ್ಲುತ್ತೆ. ಸ್ಪೈಬಾಟ್‌ನಿಂದ ಒಂದು ಸುತ್ತು, ಹೈಜಾಕ್‌ದಿಸ್‌ನಲ್ಲಿ ಆ ಸಾಲುಗಳಿಗೆ ಟಿಕ್ ಹಾಕಿ ಫಿಕ್ಸ್, ಕೊನೆಗೆ ಕೈಯಾರೆ ಫೈಲ್ ಡಿಲೀಟ್. ರೀಸ್ಟಾರ್ಟ್ ಮಾಡಿ ಮತ್ತೆ ಪಟ್ಟಿ ತೆಗೆದು ಹೋಲಿಸಿ ನೋಡಬೇಕು. ಕಳ್ಳರು ಜೋಡಿಯಲ್ಲಿ ಬರ್ತಾರೆ, ಒಬ್ಬನನ್ನು ಕಿತ್ತರೆ ಇನ್ನೊಬ್ಬ ಅವನನ್ನು ವಾಪಸ್ ಕೂರಿಸ್ತಾನೆ. ಎಲ್ಲ ಮುಗಿಯೋಕೆ ಐದು ಗಂಟೆ ಹಿಡಿಯಿತು. ಅಂಗಡಿಯವನಿಗೆ ಐದು ಗಂಟೆ ಕೂರೋಕೆ ಯಾರು ದುಡ್ಡು ಕೊಡ್ತಾರೆ? ಅವನ ಕಡೆಯಿಂದ ನೋಡಿದರೆ ಫಾರ್ಮ್ಯಾಟೇ ಲೆಕ್ಕ.

ಆದರೆ ಫಾರ್ಮ್ಯಾಟ್ ಹೊಡೆದ ಮೇಲಾದರೂ ಕಾಯಿಲೆ ಹೋಗ್ತಿತ್ತಾ ಅಂದರೆ ಎಷ್ಟೋ ಸಲ ಅದೂ ಇಲ್ಲ. ನಮ್ಮ ಊರುಗಳಿಗೆ ಪೀಡೆ ಬಂದ ಎರಡನೇ ದಾರಿ ಇಲ್ಲಿ ಬರುತ್ತೆ: ಪೆನ್‌ಡ್ರೈವ್. ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್, ರೆಸ್ಯೂಮ್, ನುಡಿಯಲ್ಲಿ ಟೈಪ್ ಮಾಡಿಸಿದ ಅರ್ಜಿ ಎಲ್ಲ ಡಿಟಿಪಿ ಅಂಗಡಿಗೆ ಹೋಗಿಯೇ ಪ್ರಿಂಟ್ ಆಗಬೇಕಿತ್ತು. ಊರಿನ ಎಲ್ಲ ಪೆನ್‌ಡ್ರೈವ್‌ಗಳೂ ಒಂದೇ ಯಂತ್ರದ ಬಾಯಿಗೆ. ಜಾನುವಾರು ಸಂತೆಯಲ್ಲಿ ಕಾಲುಬಾಯಿ ರೋಗ ಹರಡಿದ ಹಾಗೆ. ಸಿಡಿ ಹಾಕಿದ ಕೂಡಲೇ ತಾನೇ ತೆರೆದುಕೊಳ್ಳಲಿ ಅಂತ ವಿಂಡೋಸ್ 95ರಿಂದ ಇಟ್ಟಿದ್ದ ‘ಆಟೋರನ್’ ಸೌಲಭ್ಯವನ್ನೇ ಇವು ಹಿಡಿದುಕೊಂಡವು. ಪೆನ್‌ಡ್ರೈವಿನಲ್ಲಿ ‘ಆಟೋರನ್ ಡಾಟ್ ಐಎನ್ಎಫ್’ ಅನ್ನೋ ಅಡಗಿದ ಫೈಲ್. ಡ್ರೈವ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರ್ ತೆರೆಯುವ ಬದಲು ಪೀಡೆ ಓಡುತ್ತೆ. ಇಂಡೋನೇಷ್ಯಾದಿಂದ ಬಂದ ‘ಬ್ರೊಂಟೊಕ್’ ಫೋಲ್ಡರಿನ ಚಿತ್ರ ಹಾಕಿಕೊಂಡೇ ಬರುತ್ತಿತ್ತು, ಫೋಲ್ಡರ್ ಆಪ್ಷನ್ಸನ್ನೇ ಮಾಯ ಮಾಡುತ್ತಿತ್ತು. ರಿಜಿಸ್ಟ್ರಿ ತೆರೆಯೋಕೆ ಹೋದರೆ ‘ನಿಮ್ಮ ಅಡ್ಮಿನಿಸ್ಟ್ರೇಟರ್ ಇದನ್ನು ನಿಷೇಧಿಸಿದ್ದಾರೆ’ ಅಂತ ಇಂಗ್ಲಿಷಿನಲ್ಲಿ ಸಂದೇಶ. ಮನೆಯಲ್ಲಿ ಇರೋದೇ ಒಂದು ಕಂಪ್ಯೂಟರ್, ಅದಕ್ಕೆ ಅಡ್ಮಿನಿಸ್ಟ್ರೇಟರ್ ಯಾರಪ್ಪಾ ಅಂತ ಜನ ಗಾಬರಿ ಬೀಳ್ತಿದ್ದರು.

ಅಂಗಡಿಯವನು ಫಾರ್ಮ್ಯಾಟ್ ಹೊಡೆಯೋದು ಸಿ ಡ್ರೈವ್ ಮಾತ್ರ. ಹಾಡು, ಸಿನಿಮಾ ಇರುವ ಡಿ ಡ್ರೈವ್ ಹಾಗೇ ಇರುತ್ತೆ, ಅದರ ಬುಡದಲ್ಲಿ ಆಟೋರನ್ ಫೈಲೂ. ಹೊಸ ವಿಂಡೋಸ್ ಬಂದ ಖುಷಿಯಲ್ಲಿ ಹಾಡು ಕೇಳೋಣ ಅಂತ ಡಿ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮುಗೀತು, ಸಿ ಮತ್ತೆ ಮೈಲಿಗೆ. ‘ನಿನ್ನೆ ತಾನೆ ಫಾರ್ಮ್ಯಾಟ್ ಹೊಡೆಸೀನಿ, ಇವತ್ತು ಮತ್ತೆ ಬಂದೈತಿ’ ಅನ್ನೋ ಗೋಳಿನ ರಹಸ್ಯ ಇಷ್ಟೇ. ಡಿ ಡ್ರೈವನ್ನು ರೈಟ್ ಕ್ಲಿಕ್ ಮಾಡಿ ಎಕ್ಸ್‌ಪ್ಲೋರ್ ಅಂತ ತೆರೆಯೋದು, ಕಪ್ಪು ಪರದೆಯಲ್ಲಿ ಅಟ್ರಿಬ್ ಕಮಾಂಡ್ ಕೊಟ್ಟು ಅಡಗಿದ ಫೈಲನ್ನು ಬೆಳಕಿಗೆ ತಂದು ಅಳಿಸೋದು ನಮ್ಮ ಹಾಸ್ಟೆಲ್ ವಿದ್ಯೆ. ಇನ್ನೊಂದು ಚಂದದ ಉಪಾಯ ಇತ್ತು. ಪೆನ್‌ಡ್ರೈವಿನಲ್ಲಿ ನಾವೇ ಆಟೋರನ್ ಡಾಟ್ ಐಎನ್ಎಫ್ ಅನ್ನೋ ಹೆಸರಿನ ಒಂದು ಖಾಲಿ ಫೋಲ್ಡರ್ ಮಾಡಿಡೋದು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಫೈಲೂ ಫೋಲ್ಡರೂ ಇರೋ ಹಾಗಿಲ್ಲ. ಹಾಗಾಗಿ ಪೀಡೆಗೆ ತನ್ನ ಫೈಲ್ ಬರೆಯೋಕೆ ಜಾಗವೇ ಇಲ್ಲ. ಟವೆಲ್ ಹಾಕಿ ಬಸ್ಸಿನ ಸೀಟು ಹಿಡಿಯೋ ನಮ್ಮ ಜನಕ್ಕೆ ಇದನ್ನು ವಿವರಿಸೋದು ಕಷ್ಟ ಆಗಲಿಲ್ಲ! ಎಲ್ಲ ಪೀಡೆಗೂ ನಡೆಯುತ್ತಿರಲಿಲ್ಲ ಅನ್ನೋದೂ ನಿಜ. ಮೈಕ್ರೋಸಾಫ್ಟ್ ಪೆನ್‌ಡ್ರೈವಿನ ಆಟೋರನ್ ಅನ್ನು ವಿಂಡೋಸ್ 7ರಲ್ಲಿ ತೆಗೆಯಿತು, ಹಳೇ ಎಕ್ಸ್‌ಪಿಗೆ ಆ ಅಪ್‌ಡೇಟನ್ನು ವ್ಯಾಪಕವಾಗಿ ಕಳಿಸಿದ್ದು 2011ರ ಫೆಬ್ರವರಿಯಲ್ಲಿ.

ಆದರೆ ಅಪ್‌ಡೇಟ್ ಬಂದರೂ ತಗೊಳ್ಳೋರು ಯಾರು? ನಮ್ಮಲ್ಲಿ ಬಹುತೇಕ ಎಕ್ಸ್‌ಪಿಗಳು ಅಂಗಡಿಯವನ ಒಂದೇ ಸಿಡಿಯಿಂದ ಹುಟ್ಟಿದ ದಾಯಾದಿಗಳು. ಅಪ್‌ಡೇಟ್ ಬಿಟ್ಟರೆ ‘ನೀವು ನಕಲಿ ಸಾಫ್ಟ್‌ವೇರಿಗೆ ಬಲಿಯಾಗಿರಬಹುದು’ ಅನ್ನೋ ಸಂದೇಶ ಮೂಲೆಯಲ್ಲಿ ಬಂದು ಕೂರ್ತದೆ ಅನ್ನೋ ಭಯಕ್ಕೆ, ಫಾರ್ಮ್ಯಾಟ್ ಆದ ಕೂಡಲೇ ಅವನು ಮಾಡುತ್ತಿದ್ದ ಮೊದಲ ಕೆಲಸ ಆಟೋಮ್ಯಾಟಿಕ್ ಅಪ್‌ಡೇಟ್ ಬಂದ್ ಮಾಡೋದು. ಮೈಕ್ರೋಸಾಫ್ಟ್ 2004ರ ಕೊನೆಗೆ ಜೈಂಟ್ ಅನ್ನೋ ಕಂಪನಿಯನ್ನು ಕೊಂಡು, ಅದರ ಸ್ಪೈವೇರ್ ತೆಗೆಯುವ ಸಲಕರಣೆಯನ್ನೇ ಮುಂದೆ ವಿಂಡೋಸ್ ಡಿಫೆಂಡರ್ ಮಾಡಿತು. ಪುಕ್ಕಟೆ, ಆದರೆ ಅಸಲಿ ವಿಂಡೋಸ್ ಇದ್ದವರಿಗೆ. ಈ ಜಾಗವನ್ನು ಬೇರೆ ಥರದ ಜನ ತುಂಬಿದರು: ‘ನಿಮ್ಮ ಕಂಪ್ಯೂಟರಿನಲ್ಲಿ ಸ್ಪೈವೇರ್ ಇದೆ’ ಅಂತ ಹೆದರಿಸಿ ದುಡ್ಡು ಕೇಳುವ ವಿನ್‌ಫಿಕ್ಸರ್, ಸ್ಪೈಶೆರಿಫ್, ಆಂಟಿವೈರಸ್ 2009. ಇವೇ ಸ್ಪೈವೇರ್. ಕಳ್ಳನೇ ಖಾಕಿ ಹಾಕಿಕೊಂಡು ಬಾಗಿಲು ತಟ್ಟಿದಂತೆ.

ರಿಪೇರಿ ಅಂಗಡಿಗಳನ್ನು ಬೈದು ಮುಗಿಸೋದು ನ್ಯಾಯ ಅಲ್ಲ. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಶುರು ಮಾಡಿದ ಕೈಲಾಶ್ ಕಾಟ್ಕರ್ ಅವರ ಅಂಗಡಿಗೆ ವೈರಸ್ ಹಿಡಿದ ಕಂಪ್ಯೂಟರ್ ಬರತೊಡಗಿದಾಗ, ತಮ್ಮ ಸಂಜಯ್ ಅದಕ್ಕೆ ಪ್ರೋಗ್ರಾಮ್ ಬರೆದರು. ಅದೇ ಕ್ವಿಕ್ ಹೀಲ್. ನಮ್ಮ ಹರಿಹರಕ್ಕೂ ಅಂಥ ಬುದ್ಧಿ ಹೊಸದಲ್ಲ. 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ತಯಾರಿಸುತ್ತಿದ್ದ ಊರು ಅದು. ಲೇಥ್ ಸದ್ದು ಮಾಡಿದರೆ ಕಿವಿಗೊಟ್ಟು ಯಾವ ಬೇರಿಂಗು ಅಂತ ಹೇಳುವ ಫಿಟ್ಟರುಗಳು ಮನೆಮನೆಯಲ್ಲಿದ್ದರು. ಆ ಪೈಕಿ ಯಾರಿಗೂ ಲೇಥ್ ಕರಗಿಸಿ ಮತ್ತೆ ಎರಕ ಹೊಯ್ಯಿರಿ ಅನ್ನೋ ಯೋಚನೆ ಬರ್ತಿರಲಿಲ್ಲ. ಕಂಪ್ಯೂಟರಿನ ಸದ್ದು ಇಂಗ್ಲಿಷಿನಲ್ಲಿತ್ತು, ಅಷ್ಟೇ ವ್ಯತ್ಯಾಸ.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು. ಅಷ್ಟೊತ್ತಿಗೆ ಮನೆ ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿ ಎಲ್ಲರೂ ಫೋನಿಗೆ ಹೋಗಿಯಾಗಿತ್ತು. ಆ ಕಾಲದ ಕುರುಹು ಈಗಲೂ ಒಂದೆರಡು ಉಳಿದಿವೆ. ಬ್ಯಾಂಕಿನ ಲಾಗಿನ್ ಪುಟದಲ್ಲಿ ಮೌಸಿನಿಂದ ಒತ್ತುವ ಕೀಬೋರ್ಡ್ ಕಂಡರೆ, ಅದು ಕೀ ಒತ್ತಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ ಸ್ಪೈವೇರಿಗೆ ಹೆದರಿ ಇಟ್ಟದ್ದು. 2017ರ ಫೆಬ್ರವರಿಯಲ್ಲಿ ಸರ್ಕಾರವೇ ‘ಸೈಬರ್ ಸ್ವಚ್ಛತಾ ಕೇಂದ್ರ’ ತೆರೆದು ಶುಚಿ ಮಾಡುವ ಸಲಕರಣೆಗಳನ್ನು ಪುಕ್ಕಟೆ ಕೊಡತೊಡಗಿತು. ಹತ್ತು ವರ್ಷ ಮೊದಲೇ ಬೇಕಿತ್ತು.

ಫೋನಿನಲ್ಲಿ ‘ಐ ಅಗ್ರೀ’ ಈಗ ಕನ್ನಡದಲ್ಲೇ ಬರುತ್ತೆ, ‘ಅನುಮತಿಸಿ’ ಅಂತ. ಟಾರ್ಚ್ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳುತ್ತೆ, ಸಾಲದ ಆ್ಯಪ್ ಗ್ಯಾಲರಿ ಕೇಳುತ್ತೆ, ಜನ ಅನುಮತಿಸ್ತಾರೆ. ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲ್ ಒತ್ತಿ ಖಾತೆಯ ದುಡ್ಡು ಕಳಕೊಂಡವರು ಸೀದಾ ಮೊಬೈಲ್ ಅಂಗಡಿಗೆ ಹೋಗ್ತಾರೆ. ಹೋಗಬೇಕಾದ್ದು ಮೊದಲು 1930ಕ್ಕೆ ಕರೆ, ಆಮೇಲೆ ಸೈಬರ್ ಪೊಲೀಸರ ಹತ್ತಿರ, ಆ ಫೈಲು, ಆ ಮೆಸೇಜು, ಆ ತಾರೀಖು ಎಲ್ಲ ಫೋನಿನಲ್ಲಿ ಇದ್ದ ಹಾಗೇ. ಅಂಗಡಿಯಲ್ಲಿ ಕೌಂಟರಿನ ಹುಡುಗ ಫೋನ್ ತಿರುಗಿಸಿ ನೋಡಿ ಕೇಳುವ ಮೊದಲ ಪ್ರಶ್ನೆ ಮಾತ್ರ ನಮಗೆಲ್ಲ ಗೊತ್ತಿರುವುದೇ: ‘ರೀಸೆಟ್ ಹೊಡೀಲೇನ್ರಿ?’